ಗಾಲಿಯೊಳಗಿನ ದಣಿವು

ಅಂತರಸನಹಳ್ಳಿಯ ತರಕಾರಿ ಮಾರುಕಟ್ಟೆಗೆ ಬೆಳಗಾಗುವುದು ತುಮಕೂರಿನ ಉಳಿದ ಬಡಾವಣೆಗಳಿಗಿಂತ ಬಲು ಮುಂಚೆ. ಗುಬ್ಬಿ ಕಡೆಯಿಂದ, ಕುಣಿಗಲ್ ಕಡೆಯಿಂದ ಟೊಮೆಟೊ ಕ್ರೇಟು, ಕೋಸಿನ ಮೂಟೆ ಹೇರಿಕೊಂಡ ಪಿಕಪ್‌ಗಳು ಕತ್ತಲಲ್ಲೇ ಬಂದು ನಿಲ್ಲುತ್ತವೆ. ಬಿಸಿಲೇರುವ ಹೊತ್ತಿಗೆ ಮಾಲು ಇಳಿದಿರುತ್ತದೆ, ಡ್ರೈವರ್‌ಗಳು ಟೀ ಕುಡಿದು ಗಾಡಿಯ ಕಷ್ಟಸುಖ ಮಾತಾಡಲು ಶುರು ಮಾಡಿರುತ್ತಾರೆ. ಅಲ್ಲಿ ಆಗಾಗ ಕೇಳುವ ಮಾತು ಹೀಗಿರುತ್ತದೆ:

“ಯಾಕೋ ಗುಂಯ್ ಅಂತೈತೆ ಕಣಣ್ಣ. ಐವತ್ತು ದಾಟಿದ್ರೆ ಜೋರಾಯ್ತದೆ.”

“ಬೇರಿಂಗ್ ಹೋಗಿರ್ತೈತೆ. ಜಾಕಿ ಕೊಟ್ಟು ನೋಡ್ಸು.”

ಈ ತೀರ್ಪು ಬಹುಮಟ್ಟಿಗೆ ಸರಿಯೇ. ಆದರೆ ಬೇರಿಂಗ್ ‘ಹೋಗುವುದು’ ಅಂದರೆ ಏನು? ಚಪ್ಪಲಿಯ ಅಟ್ಟೆಯ ಹಾಗೆ ತೇಯುತ್ತಾ ತೇಯುತ್ತಾ ಒಂದು ದಿನ ಮುಗಿಯುವುದು ಎಂದು ನಮ್ಮಲ್ಲಿ ಹೆಚ್ಚಿನವರ ಎಣಿಕೆ. ಚೆನ್ನಾಗಿ ಗ್ರೀಸ್ ಕಂಡ, ಮಣ್ಣು ನೀರು ಸೇರದ ಬೇರಿಂಗ್ ತೇಯುವುದು ಅತಿ ಕಡಿಮೆ. ಅದು ದಣಿಯುತ್ತದೆ. ಕಬ್ಬಿಣದ ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಕೊನೆಗೆ ತುಂಡಾಗುತ್ತದಲ್ಲ, ಆ ಜಾತಿಯ ದಣಿವು.

ಲೆಕ್ಕ ಹಾಕಿ ನೋಡೋಣ. ಪಿಕಪ್‌ನ ಟೈರಿನ ಸುತ್ತಳತೆ ಸುಮಾರು 2.2 ಮೀಟರ್ ಎನ್ನೋಣ. ಒಂದು ಕಿಲೋಮೀಟರಿಗೆ 450 ಸುತ್ತು, ಒಂದು ಲಕ್ಷ ಕಿಲೋಮೀಟರಿಗೆ ನಾಲ್ಕೂವರೆ ಕೋಟಿ ಸುತ್ತು. ಮುಂದಿನ ಗಾಲಿಯ ಒಂದು ಬೇರಿಂಗ್‌ನಲ್ಲಿ ಒಳಬಳೆ ಹೊರಬಳೆಗಳ ನಡುವೆ 16 ರೋಲರ್‌ಗಳಿದ್ದರೆ, ಗಾಲಿ ಒಂದು ಸುತ್ತು ಬರುವಷ್ಟರಲ್ಲಿ ಒಳಬಳೆಯ ಮೇಲಿನ ಒಂದೊಂದು ಬಿಂದುವನ್ನೂ ಒಂಬತ್ತು ಹತ್ತು ರೋಲರ್‌ಗಳು ತುಳಿದು ಹೋಗುತ್ತವೆ. ಒಳಬಳೆ ಅಚ್ಚಿನ ಮೇಲೆ ತಿರುಗದೆ ಕೂತಿರುತ್ತದೆ, ಹಾಗಾಗಿ ಭಾರವೆಲ್ಲ ಬೀಳುವುದು ಯಾವಾಗಲೂ ಅದರ ಕೆಳಮಗ್ಗುಲಿನ ಮೇಲೇ. ಲಕ್ಷ ಕಿಲೋಮೀಟರ್ ಓಡುವುದರೊಳಗೆ ಆ ಅಂಗುಲದಷ್ಟು ಉಕ್ಕು ನಲವತ್ತು ಕೋಟಿಗೂ ಹೆಚ್ಚು ತುಳಿತ ತಿಂದಿರುತ್ತದೆ.

ಎತ್ತಿನ ಗಾಡಿಯಲ್ಲಿ ಈ ಕಾಟವಿರಲಿಲ್ಲ, ಬೇರೆ ಕಾಟವಿತ್ತು. ಗಾಲಿಯ ಗುಂಬದೊಳಗೆ ಅಚ್ಚು ನೇರವಾಗಿ ಉಜ್ಜುತ್ತಿತ್ತು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲೆಸಿದ ಕೀಲೆಣ್ಣೆ ಆ ಉಜ್ಜಾಟವನ್ನು ಸಹ್ಯ ಮಾಡುತ್ತಿತ್ತು, ಗಾಲಿ ಕಳಚಿ ಬೀಳದಂತೆ ಕಡಾಣಿ ತಡೆಯುತ್ತಿತ್ತು. ಉಜ್ಜಾಟಕ್ಕೆ ಒಂದು ನಿಯಮವಿದೆ ಎಂದು 1699ರಲ್ಲಿ ಪ್ಯಾರಿಸಿನಲ್ಲಿ ತೋರಿಸಿದವನು ಗಿಯೋಮ್ ಅಮಾಂತೋಂ. ಭಾರ ಎರಡರಷ್ಟಾದರೆ ಘರ್ಷಣೆಯೂ ಎರಡರಷ್ಟಾಗುತ್ತದೆ ಎಂಬುದು ಅದರ ಸಾರ. ಎಣ್ಣೆ ಬಿಟ್ಟ ಅಚ್ಚಿನಲ್ಲೂ ಘರ್ಷಣೆಯ ಬಲ ಭಾರದ ಹತ್ತನೇ ಒಂದರಷ್ಟು ಇರಬಹುದು. ಉಜ್ಜುವ ಬದಲು ಉರುಳುವಂತೆ ಮಾಡಿದರೆ ಅದು ಭಾರದ ಐನೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ಗುಂಡುಗಳ ಮೇಲೆ ಅಚ್ಚನ್ನು ಉರುಳಿಸುವ ವಿನ್ಯಾಸಕ್ಕೆ ವೇಲ್ಸ್‌ನ ಫಿಲಿಪ್ ವಾನ್ 1794ರಲ್ಲೇ ಪೇಟೆಂಟ್ ಪಡೆದಿದ್ದ, ಅದೂ ಕುದುರೆ ಗಾಡಿಯ ಅಚ್ಚಿಗಾಗಿ. ಆದರೆ ಒಂದೇ ಅಳತೆಯ, ನಿಜವಾಗಿ ಗುಂಡಗಿರುವ ಉಕ್ಕಿನ ಗುಂಡುಗಳನ್ನು ರಾಶಿ ರಾಶಿಯಾಗಿ ತಯಾರಿಸುವ ಯಂತ್ರ ಬರಲು 1883 ಆಗಬೇಕಾಯಿತು. ಜರ್ಮನಿಯ ಶ್ವೈನ್‌ಫುರ್ಟ್‌ನಲ್ಲಿ ಫ್ರೀಡ್ರಿಶ್ ಫಿಶರ್ ಅದನ್ನು ಮಾಡಿದ.

ತುಮಕೂರಿಗರ ಕೈಗೇ ಕಟ್ಟಿದ್ದ ಬೇರಿಂಗ್‌ಗಳೂ ಇವೆ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಈ ಊರಿನ ಎಚ್‌ಎಂಟಿ ಕಾರ್ಖಾನೆ ಒಂದು ಕಾಲಕ್ಕೆ ಕೈಗಡಿಯಾರಗಳಿಗೆ ಹೆಸರಾಗಿತ್ತು. ಡಯಲ್ ಮೇಲೆ ‘17 ಜ್ಯುವೆಲ್ಸ್’ ಎಂದಿರುತ್ತಿದ್ದುದು ಅಲಂಕಾರದ ಮಾತಲ್ಲ. ಗಡಿಯಾರದೊಳಗೆ ಕೂರಿಸಿದ ಕೃತಕ ಮಾಣಿಕ್ಯಗಳ ಲೆಕ್ಕ ಅದು, ಅವುಗಳಲ್ಲಿ ಹೆಚ್ಚಿನವು ಪುಟ್ಟ ಅಚ್ಚುಗಳು ತಿರುಗುವ ಬೇರಿಂಗ್‌ಗಳು.

ಪಿಕಪ್‌ಗೆ ಮಾಣಿಕ್ಯ ಸಾಲದು. ಅದರ ಗಾಲಿಯ ಮೇಲೆ ಎರಡು ಬಗೆಯ ಭಾರ ಒಟ್ಟಿಗೆ ಬೀಳುತ್ತದೆ. ಮೇಲಿನಿಂದ ಲೋಡಿನ ತೂಕ, ತಿರುವಿನಲ್ಲಿ ಪಕ್ಕದಿಂದ ತಳ್ಳಾಟ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಸಾರೋಟು ಕಟ್ಟುತ್ತಿದ್ದ ಹೆನ್ರಿ ಟಿಮ್ಕೆನ್ ಈ ಎರಡನ್ನೂ ತಡೆಯುವ ಓರೆ ರೋಲರ್‌ಗಳ ಬೇರಿಂಗ್‌ಗೆ 1898ರಲ್ಲಿ ಪೇಟೆಂಟ್ ಪಡೆದ. ಗ್ಯಾರೇಜಿನವರು ಟೇಪರ್ ಬೇರಿಂಗ್ ಎನ್ನುವುದು ಇದನ್ನೇ. ರೋಲರ್‌ಗಳೂ ಬಳೆಗಳೂ ಒಂದು ತುದಿಗೆ ಸಣ್ಣಗಾಗುತ್ತಾ ಬಂದಿರುತ್ತವೆ. ಈ ಎಲ್ಲ ಓರೆಗೆರೆಗಳನ್ನು ಕಲ್ಪನೆಯಲ್ಲಿ ಎಳೆದುಕೊಂಡು ಹೋದರೆ ಅವು ಅಚ್ಚಿನ ನಡುಗೆರೆಯ ಮೇಲೆ ಒಂದೇ ಬಿಂದುವಿನಲ್ಲಿ ಸೇರುತ್ತವೆ. ಹಾಗೆ ಸೇರುವುದರಿಂದಲೇ ರೋಲರ್ ಎಲ್ಲೂ ಜಾರದೆ ಉದ್ದಕ್ಕೂ ಉರುಳುತ್ತದೆ. ಗಾಲಿಯ ನಡುವಿನ ಹಬ್‌ನೊಳಗೆ ಇಂಥ ಎರಡು ಬೇರಿಂಗ್ ಎದುರುಬದುರಾಗಿ ಕೂತಿರುತ್ತವೆ. ಎಡಕ್ಕೆ ತಳ್ಳಿದರೆ ಒಂದು ತಡೆಯುತ್ತದೆ, ಬಲಕ್ಕೆ ತಳ್ಳಿದರೆ ಇನ್ನೊಂದು. ಹೊರಬಳೆಗೆ ಕಪ್, ರೋಲರ್ ಸಮೇತದ ಒಳಬಳೆಗೆ ಕೋನ್ ಎನ್ನುತ್ತಾರೆ.

ಈಗ ದಣಿವಿನ ವಿಷಯಕ್ಕೆ ಬರೋಣ. 1881ರಲ್ಲಿ, ಇನ್ನೂ 24 ತುಂಬದ ಹೈನ್ರಿಕ್ ಹರ್ಟ್ಸ್ ಬರ್ಲಿನ್‌ನಲ್ಲಿ ಒಂದು ವಿಚಿತ್ರ ಪ್ರಶ್ನೆ ಬಿಡಿಸಿದ. ಎರಡು ಉಬ್ಬು ಗಾಜುಗಳನ್ನು ಒಂದಕ್ಕೊಂದು ಒತ್ತಿದರೆ ತಾಗುವ ಜಾಗ ಎಷ್ಟಗಲ, ಒತ್ತಡ ಎಷ್ಟು? ಮುಂದೆ ರೇಡಿಯೊ ಅಲೆಗಳಿಂದ ಹೆಸರಾದ ಆ ಹರ್ಟ್ಸೇ ಈತ. ಅವನ ಸೂತ್ರವನ್ನು ರೋಲರ್‌ಗೆ ಹಚ್ಚಿದರೆ, ಬಳೆಗೆ ತಾಗುವುದು ಕೂದಲೆಳೆಯ ಕೆಲವು ಪಟ್ಟು ಅಗಲದ ಒಂದು ಗೆರೆ ಮಾತ್ರ. ಭಾರ ತುಂಬಿದಾಗ ಅಲ್ಲಿನ ಒತ್ತಡ ಹತ್ತು ಸಾವಿರ ವಾತಾವರಣಗಳ ಮಟ್ಟಕ್ಕೆ ಹೋಗಬಲ್ಲದು. ಸಾಗರದ ಅತಿ ಆಳದ ಕಂದಕದಲ್ಲಿ ಇರುವುದು ಸುಮಾರು ಸಾವಿರದ ನೂರು.

ಇನ್ನೂ ಸ್ವಾರಸ್ಯವೆಂದರೆ, ಉಕ್ಕಿಗೆ ಹೆಚ್ಚಿನ ಹಿಂಸೆಯಾಗುವುದು ಮೇಲ್ಮೈಯಲ್ಲಿ ಅಲ್ಲ, ಅದರ ಕೆಳಗೆ, ಮಿಲಿಮೀಟರಿನ ಒಂದೆರಡು ದಶಾಂಶದಷ್ಟು ಆಳದಲ್ಲಿ. ಬೇರಿಂಗ್ ಉಕ್ಕಿನಲ್ಲಿ ಶೇ 1ರಷ್ಟು ಇಂಗಾಲ, ಶೇ 1.5ರಷ್ಟು ಕ್ರೋಮಿಯಂ ಇರುತ್ತದೆ. ನಮ್ಮ ಲೇತ್ ಅಂಗಡಿಗಳಲ್ಲಿ ಇಎನ್ 31 ಎಂದರೆ ಇದೇ ಜಾತಿ. ಅದನ್ನು ಎಷ್ಟೇ ಶುದ್ಧವಾಗಿ ಕರಗಿಸಿ ಎರೆದರೂ ಎಲ್ಲೋ ಒಂದು ಸೂಕ್ಷ್ಮ ಕಲ್ಮಷದ ಕಣ ಉಳಿದಿರುತ್ತದೆ. ಬಿರುಕು ಹುಟ್ಟುವುದು ಅಲ್ಲಿ. ಕೋಟಿಗಟ್ಟಲೆ ತುಳಿತದಲ್ಲಿ ಅದು ಮೇಲಕ್ಕೆ ಹಬ್ಬಿ, ಒಂದು ದಿನ ಮೇಲ್ಮೈಯಿಂದ ಚಕ್ಕೆಯೊಂದು ಎದ್ದುಹೋಗುತ್ತದೆ. ಅಲ್ಲೊಂದು ಗುಳಿ. ಪ್ರತಿ ರೋಲರ್ ಆ ಗುಳಿಯನ್ನು ಹಾಯುವಾಗಲೂ ಟಕ್ ಎನ್ನುತ್ತದೆ.

ಆ ಟಕ್‌ಗಳೇ ಕೂಡಿ ಗುಂಯ್ ಆಗುವುದು. ಅರವತ್ತರ ವೇಗದಲ್ಲಿ ಗಾಲಿ ಸೆಕೆಂಡಿಗೆ ಏಳೂವರೆ ಸುತ್ತು ಬರುತ್ತದೆ. ಒಳಬಳೆಯ ಗುಳಿಯ ಮೇಲೆ ಸೆಕೆಂಡಿಗೆ ಸುಮಾರು 73 ರೋಲರ್ ಹಾಯುತ್ತವೆ, ಅಂದರೆ 73 ಹರ್ಟ್ಸ್. ಗಂಟಲ ಕೆಳಗಿನಿಂದ ಬರುವಂಥ ದಪ್ಪ ದನಿ. ಗುಳಿ ಹೊರಬಳೆಯಲ್ಲಿದ್ದರೆ ಸುಮಾರು 48 ಹರ್ಟ್ಸ್. ಹೊರಬಳೆ ಗಾಲಿಯ ಜೊತೆಗೇ ತಿರುಗುವುದರಿಂದ ಗುಳಿ ಭಾರದ ಕೆಳಗೆ ಬಂದಾಗ ಸದ್ದು ಏರಿ, ದಾಟಿದಾಗ ಇಳಿದು, ಅಲೆ ಅಲೆಯಾಗಿ ಕೇಳಿಸುತ್ತದೆ. ಎಂಜಿನ್ ಎಷ್ಟು ಸುತ್ತುತ್ತಿದೆ ಎಂಬುದಕ್ಕೂ ಈ ಸದ್ದಿಗೂ ಸಂಬಂಧವಿಲ್ಲ. ಗೇರ್ ಬದಲಿಸಿದರೂ ವೇಗ ಅಷ್ಟೇ ಇದ್ದರೆ ದನಿಯೂ ಅಷ್ಟೇ ಇರುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಒಂದು ಥರ, ಬಿಟ್ಟಾಗ ಇನ್ನೊಂದು ಥರ ಊಳಿಟ್ಟರೆ ಅನುಮಾನ ಹಿಂದಿನ ಡಿಫರೆನ್ಶಿಯಲ್ ಮೇಲೆ ಹೋಗಬೇಕು. ಡಾಂಬರಿನಿಂದ ಕಾಂಕ್ರೀಟಿಗೆ ಇಳಿದ ಕೂಡಲೇ ದನಿ ಬದಲಾದರೆ ಅದು ಓರೆಯಾಗಿ ಸವೆದ ಟೈರಿನ ಕೆಲಸ.

ಯಾವ ಗಾಲಿ ಎಂದು ತಿಳಿಯಲು ಅನುಭವಿ ಡ್ರೈವರ್‌ಗಳು ಖಾಲಿ ರಸ್ತೆಯಲ್ಲಿ ಸ್ಟಿಯರಿಂಗನ್ನು ನಿಧಾನ ಅತ್ತಿತ್ತ ಆಡಿಸುತ್ತಾರೆ. ಎಡಕ್ಕೆ ತಿರುಗಿದಾಗ ಗಾಡಿಯ ಭಾರ ಬಲಕ್ಕೆ ವಾಲುತ್ತದೆ. ಆಗ ಸದ್ದು ಹೆಚ್ಚಿದರೆ ಬಲಗಾಲಿ, ಬಲಕ್ಕೆ ತಿರುಗಿದಾಗ ಹೆಚ್ಚಿದರೆ ಎಡಗಾಲಿ. ಕಿವಿ ಮೋಸ ಮಾಡುವುದುಂಟು. ಲೋಹದ ಚಾಸಿಯಲ್ಲಿ ಸದ್ದು ಎಲ್ಲಿಂದೆಲ್ಲಿಗೋ ಹರಿದು ಬಂದು ಡ್ರೈವರ್ ಸೀಟಿನ ಕೆಳಗೇ ಹುಟ್ಟಿದಂತೆ ಕೇಳಿಸಬಹುದು. ಆದ್ದರಿಂದ ಕೈಪರೀಕ್ಷೆ ತಪ್ಪದು.

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಉಳಿದ ಗಾಲಿಗಳಿಗೆ ಕಲ್ಲು ಅಥವಾ ಮರದ ತುಂಡು ಕೊಟ್ಟು, ಜಾಕಿ ಎತ್ತಿ, ಕೆಳಗೆ ಸ್ಟ್ಯಾಂಡ್ ಇಟ್ಟ ಮೇಲೆಯೇ ಕೈ ಹಾಕಬೇಕು. ಬರೀ ಜಾಕಿಯನ್ನು ನಂಬಿ ಗಾಡಿಯ ಕೆಳಗೆ ತೂರುವುದು ನಮ್ಮ ರಸ್ತೆಬದಿ ರಿಪೇರಿಗಳ ಅತಿ ಕೆಟ್ಟ ಅಭ್ಯಾಸ. ಟೈರಿನ ನೆತ್ತಿ ಮತ್ತು ಬುಡ ಹಿಡಿದು ಒಳಕ್ಕೂ ಹೊರಕ್ಕೂ ಅಲ್ಲಾಡಿಸಿ. ಲಟಕ್ ಎಂದು ಆಡಿದರೆ ಬೇರಿಂಗ್ ಇರಬಹುದು, ಕಿಂಗ್ ಪಿನ್ ಅಥವಾ ಬಾಲ್ ಜಾಯಿಂಟ್ ಕೂಡ ಇರಬಹುದು. ಎರಡನ್ನೂ ಬೇರ್ಪಡಿಸಲು ಒಂದು ಸೊಗಸಾದ ಉಪಾಯವಿದೆ. ಇನ್ನೊಬ್ಬರಿಗೆ ಬ್ರೇಕ್ ತುಳಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಬ್ರೇಕ್ ಹಿಡಿದಾಗ ತಿರುಗುವ ಹಬ್ ಮತ್ತು ತಿರುಗದ ಅಚ್ಚಿನ ಭಾಗ ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಆಟ ನಿಂತರೆ ದೋಷ ಬೇರಿಂಗ್‌ನದು, ನಿಲ್ಲದಿದ್ದರೆ ಅದರಾಚೆಯ ಕೀಲಿನದು. ಬಳಿಕ ಗಾಲಿಯನ್ನು ಕೈಯಿಂದ ತಿರುಗಿಸಿ, ಇನ್ನೊಂದು ಕೈಯನ್ನು ಸ್ಪ್ರಿಂಗ್ ಮೇಲಿಡಿ. ಕೆಟ್ಟ ಬೇರಿಂಗ್‌ನ ಗರಗರ ಕಿವಿಗಿಂತ ಮೊದಲು ಬೆರಳಿಗೆ ತಾಗುತ್ತದೆ.

ಗಾಲಿ, ಡ್ರಮ್ ಅಥವಾ ಕ್ಯಾಲಿಪರ್ ಬಿಚ್ಚಿ, ಕ್ಯಾಪ್ ತೆಗೆದು, ಸ್ಪ್ಲಿಟ್ ಪಿನ್ ಎಳೆದು, ನಟ್ ಕಳಚಿದರೆ ಹಬ್ ಕೈಗೆ ಬರುತ್ತದೆ. ಕ್ಯಾಲಿಪರನ್ನು ಬ್ರೇಕ್ ಹೋಸ್‌ನಿಂದ ನೇತಾಡಲು ಬಿಡದೆ ತಂತಿಯಲ್ಲಿ ಕಟ್ಟಬೇಕು. ಹಳೆಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದುಬಿಡುವ ಮೊದಲು ಒಂದು ಚಿಟಿಕೆ ತೆಗೆದು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ಬಿಸಿಲಿಗೆ ಹಿಡಿಯಿರಿ. ಮಿಣುಮಿಣು ಹೊಳೆದರೆ ಅದು ಎದ್ದುಹೋದ ಉಕ್ಕಿನ ಚಕ್ಕೆ. ಹೆಲಿಕಾಪ್ಟರ್‌ಗಳ ಗೇರ್‌ಬಾಕ್ಸ್ ಎಣ್ಣೆಯಲ್ಲಿ ಇದೇ ಕೆಲಸಕ್ಕೆ ಒಂದು ಆಯಸ್ಕಾಂತದ ಬಿರಡೆ ಇಟ್ಟಿರುತ್ತಾರೆ. ಲೋಹದ ಚೂರು ಅದಕ್ಕೆ ಅಂಟಿದರೆ ಪೈಲಟ್ ಮುಂದೆ ದೀಪ ಹತ್ತಿಕೊಳ್ಳುತ್ತದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಗೂ ಅಂತರಸನಹಳ್ಳಿಯ ಗ್ಯಾರೇಜುಗಳಿಗೂ ನಡುವೆ ಈ ಒಂದು ವಿದ್ಯೆಯಲ್ಲಿ ದೂರವಿಲ್ಲ.

ಗ್ರೀಸ್ ಎಂದರೆ ಬರೀ ಗಟ್ಟಿ ಎಣ್ಣೆಯಲ್ಲ. ಲೀಥಿಯಂ ಸಾಬೂನಿನ ನಾರುಜಾಲದಲ್ಲಿ ಹಿಡಿದಿಟ್ಟ ಎಣ್ಣೆ. ಬೇಕಾದಷ್ಟು ಎಣ್ಣೆಯನ್ನು ಬಿಟ್ಟುಕೊಡುತ್ತಾ ಉಳಿದದ್ದನ್ನು ಅದು ಜೋಪಾನ ಮಾಡುತ್ತದೆ. ರೋಲರ್ ಮತ್ತು ಬಳೆಯ ನಡುವೆ ಉಳಿಯುವ ಎಣ್ಣೆಯ ಪೊರೆ ಬಹುಪಾಲು ಒಂದು ಮೈಕ್ರಾನ್‌ಗಿಂತ ತೆಳು. ಅಷ್ಟು ತೆಳುವಾಗಿಯೂ ಅದು ಹಿಂಡಿಹೋಗುವುದಿಲ್ಲ, ಏಕೆಂದರೆ ಅಷ್ಟು ಒತ್ತಡದಲ್ಲಿ ಎಣ್ಣೆ ಕ್ಷಣಮಾತ್ರ ಹೆಚ್ಚೂಕಡಿಮೆ ಘನವಸ್ತುವಿನಂತೆ ವರ್ತಿಸುತ್ತದೆ. ಈ ಪೊರೆಗೆ ನಮ್ಮ ಕೆಮ್ಮಣ್ಣಿನ ಧೂಳು ಶತ್ರು. ಅದರಲ್ಲಿರುವ ಬೆಣಚುಕಲ್ಲಿನ ಪುಡಿ ಬೇರಿಂಗ್ ಉಕ್ಕಿಗಿಂತ ಗಡಸು. ಹತ್ತು ಮೈಕ್ರಾನ್‌ನ ಒಂದು ಕಣ ಒಳಸೇರಿದರೂ ಹೊಳಪು ಮೈಮೇಲೆ ಹಳ್ಳ ತೋಡುತ್ತದೆ, ಮುಂದಿನ ಬಿರುಕು ಅಲ್ಲೇ ಶುರುವಾಗುತ್ತದೆ. ಗ್ರೀಸ್ ಡಬ್ಬಿಯ ಮುಚ್ಚಳ ತೆರೆದಿಟ್ಟು ಕೆಲಸ ಮಾಡುವ ಗ್ಯಾರೇಜಿನಿಂದ ಗಾಡಿ ವಾಪಸು ತೆಗೆದುಕೊಂಡು ಹೋಗುವುದೇ ವಾಸಿ.

ನೀರು ಇನ್ನೊಂದು ಶತ್ರು. ಹೆದ್ದಾರಿಯಲ್ಲಿ ಓಡಿ ಬಿಸಿಯಾದ ಗಾಡಿಯನ್ನು ತೊಳೆಯಲೆಂದು ನೇರ ಕೆರೆಗೆ ಇಳಿಸುವುದನ್ನು ನೋಡಿರುತ್ತೀರಿ. ಹಬ್ ಒಳಗಿನ ಗಾಳಿ 70 ಡಿಗ್ರಿಯಿಂದ 25ಕ್ಕೆ ಇಳಿದರೆ ಅದರ ಒತ್ತಡ ಸುಮಾರು ಶೇ 13ರಷ್ಟು ಕುಸಿಯುತ್ತದೆ. ಹೊರಗಿನ ನೀರನ್ನು ಆಯಿಲ್ ಸೀಲ್‌ನ ಅಂಚಿನಿಂದ ಒಳಗೆ ಎಳೆದುಕೊಳ್ಳಲು ಅಷ್ಟು ಸಾಕು. ವಾಟರ್ ಸರ್ವಿಸ್‌ನವರು ಪ್ರೆಶರ್ ಪೈಪನ್ನು ಹಬ್‌ಗೇ ಗುರಿಯಿಟ್ಟು ಹಿಡಿಯುವುದೂ ಇದೇ ಅನಾಹುತ. ಇನ್ನು ಬಾಡಿ ಕಟ್ಟುವವರು ವೆಲ್ಡಿಂಗ್ ಮಾಡುವಾಗ ಅರ್ತ್ ಕ್ಲಾಂಪನ್ನು ಎಲ್ಲೋ ಹಾಕಿ, ಕರೆಂಟ್ ಬೇರಿಂಗ್ ಮೂಲಕ ಹರಿದರೆ ರೋಲರ್ ತಾಗಿದಲ್ಲೆಲ್ಲ ಸಣ್ಣ ಕಿಡಿಗುಳಿಗಳು ಬೀಳುತ್ತವೆ. ಅರ್ತನ್ನು ವೆಲ್ಡ್ ಮಾಡುವ ಜಾಗದ ಪಕ್ಕದಲ್ಲೇ ಹಾಕಿದರೆ ಮುಗಿಯಿತು.

ಆದರೆ ಇವೆಲ್ಲಕ್ಕಿಂತ ದೊಡ್ಡ ಕೊಲೆಗಾರ ಓವರ್‌ಲೋಡ್. ಸ್ವೀಡನ್ನಿನ ಗುಸ್ತಾಫ್ ಲುಂಡ್‌ಬೆರಿ ಮತ್ತು ಆರ್ವಿಡ್ ಪಾಲ್ಮ್‌ಗ್ರೆನ್ 1947ರಲ್ಲಿ ಪ್ರಕಟಿಸಿದ ಸಿದ್ಧಾಂತದಿಂದ ಬೆಳೆದ ಲೆಕ್ಕವನ್ನೇ ಇವತ್ತೂ ಜಗತ್ತಿನ ಬೇರಿಂಗ್ ಎಂಜಿನಿಯರುಗಳು ಬಳಸುತ್ತಾರೆ. ಅದರ ಪ್ರಕಾರ ರೋಲರ್ ಬೇರಿಂಗ್‌ನ ಆಯುಸ್ಸು ಭಾರ ಏರಿದ ಹಾಗೆ ಅದರ ಹತ್ತು-ಮೂರನೆಯ ಘಾತದಲ್ಲಿ, ಅಂದರೆ 3.33ನೆಯ ಘಾತದಲ್ಲಿ ಕುಸಿಯುತ್ತದೆ. ಬೇರಿಂಗ್ ಮೇಲಿನ ಭಾರ ಕಾಲುಪಾಲು ಹೆಚ್ಚಾದರೆ ಆಯುಸ್ಸು ಅರ್ಧಕ್ಕೂ ಕಡಿಮೆ. ಒಂದೂವರೆ ಪಟ್ಟಾದರೆ ಕಾಲು ಭಾಗ. ಎರಡು ಪಟ್ಟಾದರೆ ಹತ್ತರಲ್ಲೊಂದು. “ಇನ್ನೊಂದಿಪ್ಪತ್ತು ಕ್ರೇಟು ಹಾಕಪ್ಪ, ಏನೂ ಆಗಲ್ಲ” ಎನ್ನುವಾಗ ಆ ದಿನ ಏನೂ ಆಗುವುದಿಲ್ಲ ನಿಜ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿ ಓವರ್‌ಲೋಡಿಗೆ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ದಂಡ ಹಾಕುತ್ತದೆ. ಲುಂಡ್‌ಬೆರಿ-ಪಾಲ್ಮ್‌ಗ್ರೆನ್ ಕಾಯ್ದೆಯ ದಂಡ ಚೆಕ್‌ಪೋಸ್ಟ್ ತಪ್ಪಿಸಿಕೊಂಡರೂ ಬಿಡುವುದಿಲ್ಲ.

ಇದೇ ಲೆಕ್ಕ ಇನ್ನೊಂದು ಮಾತನ್ನೂ ಹೇಳುತ್ತದೆ. ಕ್ಯಾಟಲಾಗಿನಲ್ಲಿ ಕೊಡುವ ಆಯುಸ್ಸು ಒಂದೊಂದು ಬೇರಿಂಗ್‌ನದೂ ಅಲ್ಲ, ಗುಂಪಿನದು. ಒಂದೇ ಥರದ ನೂರರಲ್ಲಿ ತೊಂಬತ್ತು ಬೇರಿಂಗ್‌ಗಳು ಅಷ್ಟು ದೂರ ದಾಟುತ್ತವೆ, ಹತ್ತು ದಾಟದೆ ಹೋಗಬಹುದು. ಪಕ್ಕದ ಮನೆಯವರ ಗಾಡಿಯಲ್ಲಿ ಎರಡು ಲಕ್ಷ ಕಿಲೋಮೀಟರ್ ಬಂತು, ನನ್ನದರಲ್ಲಿ ಯಾಕೆ ಬರಲಿಲ್ಲ ಎಂಬ ಪ್ರಶ್ನೆಗೆ ಕೆಲವೊಮ್ಮೆ ಇದಕ್ಕಿಂತ ಬೇರೆ ಉತ್ತರವಿಲ್ಲ.

ಹೊಸ ಬೇರಿಂಗ್ ಕೂರಿಸುವಾಗ ಕಪ್ ಮತ್ತು ಕೋನ್ ಎರಡನ್ನೂ ಬದಲಿಸಬೇಕು. ಗುಳಿಬಿದ್ದ ಹಳೆಯ ಕಪ್‌ನಲ್ಲಿ ಹೊಸ ಕೋನ್ ತಿರುಗಿದರೆ ದುಡ್ಡು ದಂಡ. ಕಪ್ಪನ್ನು ಹಿತ್ತಾಳೆಯ ಸರಳಿನಿಂದ ಸುತ್ತಲೂ ಸಮನಾಗಿ ತಟ್ಟಿ ಇಳಿಸುತ್ತಾರೆ, ಪ್ರೆಸ್ ಇದ್ದರೆ ಇನ್ನೂ ಒಳ್ಳೆಯದು. ಪೂರ್ತಿ ಕೂತಾಗ ಸುತ್ತಿಗೆಯ ಸದ್ದು ಮಂದದಿಂದ ಖಣ್ ಎನ್ನುವುದಕ್ಕೆ ಬದಲಾಗುವುದನ್ನು ಹಳೆಯ ಮೇಸ್ತ್ರಿಗಳು ಕಿವಿಯಲ್ಲೇ ಹಿಡಿಯುತ್ತಾರೆ. ಅಂಗೈಯಲ್ಲಿ ಗ್ರೀಸ್ ಹಾಕಿಕೊಂಡು, ಕೋನಿನ ದೊಡ್ಡ ಬಾಯಿಯನ್ನು ಅದಕ್ಕೆ ಒತ್ತಿ ಒತ್ತಿ, ಸಣ್ಣ ಬಾಯಿಯಿಂದ ಗ್ರೀಸ್ ಹೊರಬರುವವರೆಗೆ ತುಂಬಬೇಕು. ಹೊರಗೆ ಬಳಿದರೆ ತುಂಬಿದಂತಲ್ಲ. ತೊಳೆದ ಬೇರಿಂಗನ್ನು ಏರ್ ಪೈಪಿನಿಂದ ಊದಿ ಸೀಟಿ ಹೊಡೆಯುವಂತೆ ತಿರುಗಿಸುವುದು ಹುಡುಗರಿಗೆ ಆಟ. ಗ್ರೀಸಿಲ್ಲದೆ ಆ ವೇಗದಲ್ಲಿ ತಿರುಗಿದ ರೋಲರ್ ಗೀಚಿಕೊಳ್ಳುತ್ತದೆ, ಅದನ್ನು ಹಿಡಿದಿಟ್ಟ ಕೇಜ್ ಬಿಚ್ಚಿಕೊಂಡರೆ ಗುಂಡಿನಂತೆ ಹಾರುತ್ತದೆ. ಆಯಿಲ್ ಸೀಲ್ ಮತ್ತು ಸ್ಪ್ಲಿಟ್ ಪಿನ್ ಹೊಸದೇ ಆಗಬೇಕು. ಕಡಾಣಿಯ ಈ ಮರಿಮಗನಿಗೆ ಹತ್ತು ರೂಪಾಯಿ ಉಳಿಸಲು ಹೋಗಿ ಗಾಲಿ ಕಳೆದುಕೊಳ್ಳುವುದು ಜಾಣತನವಲ್ಲ.

ನಟ್ ಬಿಗಿಯುವುದೇ ಇಡೀ ಕೆಲಸದ ಜೀವ. ಬೇರೆ ಎಲ್ಲ ನಟ್‌ಗಳನ್ನು ಬಿಗಿಯಬೇಕು, ಇದನ್ನು ಬಿಗಿದು ಸಡಿಲಿಸಬೇಕು. ಹಬ್ಬನ್ನು ತಿರುಗಿಸುತ್ತಲೇ ನಟ್ ಬಿಗಿದರೆ ರೋಲರ್‌ಗಳು ತಮ್ಮ ಜಾಗದಲ್ಲಿ ಕೂರುತ್ತವೆ. ಆಮೇಲೆ ಹಿಂದಕ್ಕೆ ತಿರುಗಿಸಿ, ಕಂಪನಿಯ ಕೈಪಿಡಿಯಲ್ಲಿ ಹೇಳಿದಷ್ಟು ಆಟ ಉಳಿಸಬೇಕು. ಸಾಮಾನ್ಯವಾಗಿ ಅದು 0.03ರಿಂದ 0.13 ಮಿಲಿಮೀಟರ್. ಯಾಕೆ? 60 ಮಿಲಿಮೀಟರ್ ಉದ್ದದ ಉಕ್ಕು 50 ಡಿಗ್ರಿ ಬಿಸಿಯಾದರೆ 0.036 ಮಿಲಿಮೀಟರ್ ಹಿಗ್ಗುತ್ತದೆ. ಆಟವೇ ಇಲ್ಲದೆ ಬಿಗಿದ ಬೇರಿಂಗ್ ಬಿಸಿಯಾಗಿ ಹಿಗ್ಗಿ ಇನ್ನಷ್ಟು ಬಿಗಿಯಾಗುತ್ತದೆ, ಬಿಗಿಯಾಗಿ ಇನ್ನಷ್ಟು ಬಿಸಿಯಾಗುತ್ತದೆ. ಗ್ರೀಸ್ ಕರಗಿ ಹರಿದು, ರೋಲರ್ ನೀಲಿಗಟ್ಟಿ, ಕೊನೆಗೆ ಬೇರಿಂಗ್ ಅಚ್ಚಿಗೇ ಕಚ್ಚಿಕೊಳ್ಳುತ್ತದೆ. ಹೊಸ ಬೇರಿಂಗ್ ಹಾಕಿದ ವಾರಕ್ಕೇ ‘ಮಾಲು ಸರಿಯಿಲ್ಲ’ ಎಂದು ಅಂಗಡಿಯವನ ಮೇಲೆ ಹರಿಹಾಯುವವರಲ್ಲಿ ಎಷ್ಟೋ ಮಂದಿಯ ನಿಜವಾದ ತಕರಾರು ಈ ನಟ್‌ನ ಜೊತೆಗೆ.

ಇತ್ತೀಚಿನ ಹಲವು ಗಾಡಿಗಳಲ್ಲಿ ಗ್ರೀಸ್ ತುಂಬಿ ಮುಚ್ಚಿದ ಒಂದೇ ಗಟ್ಟಿ ಬೇರಿಂಗ್ ಬರುತ್ತದೆ. ಅದರಲ್ಲಿ ಆಟ ಹೊಂದಿಸುವ ಕೆಲಸವಿಲ್ಲ, ಕೆಟ್ಟರೆ ಇಡಿಯಾಗಿ ಬದಲಾವಣೆ. ಹೊರಬಳೆಯನ್ನು ಹಬ್‌ಗೆ ಒತ್ತುವಾಗ ಒಳಬಳೆಯ ಮೇಲೆ ಸುತ್ತಿಗೆ ಬಿದ್ದರೆ ಏಟು ಗುಂಡುಗಳ ಮೂಲಕ ಹಾದು, ಓಡುವ ಮೊದಲೇ ಗುಳಿ ಬಿದ್ದಿರುತ್ತದೆ. ಎಬಿಎಸ್ ಇರುವ ಹಲವು ಗಾಡಿಗಳಲ್ಲಿ ಬೇರಿಂಗ್‌ನ ಒಂದು ಮುಖ ಕಾಂತೀಯವಾಗಿರುತ್ತದೆ, ಅದು ಸೆನ್ಸರ್ ಕಡೆಗೇ ಇರಬೇಕು.

ಕೊಳ್ಳುವಾಗ ನಂಬರ್ ಓದುವುದನ್ನು ಕಲಿಯಿರಿ. 32008 ಎಂಬ ಟೇಪರ್ ಬೇರಿಂಗ್‌ನ ಕೊನೆಯ ಎರಡಂಕಿಯನ್ನು ಐದರಿಂದ ಗುಣಿಸಿದರೆ 40, ಅದೇ ಒಳಬಳೆಯ ಒಳವ್ಯಾಸ ಮಿಲಿಮೀಟರಿನಲ್ಲಿ. ಹಳೆಯದನ್ನು ಪಾಲಿಶ್ ಮಾಡಿ ದೊಡ್ಡ ಕಂಪನಿಯ ಹೆಸರು ಕೆತ್ತಿದ ಮಾಲು ಮಾರುಕಟ್ಟೆಯಲ್ಲಿ ಓಡಾಡುತ್ತದೆ. ಅಧಿಕೃತ ಡೀಲರ್ ಬಿಲ್ ಕೊಡದೆ ಇರುವುದಿಲ್ಲ, ಬಿಲ್ ಕೊಡದವನಲ್ಲಿ ಬೇರಿಂಗ್ ಕೊಳ್ಳಬೇಡಿ. ಒಂದು ಕಡೆಯದು ಹೋಗಿದ್ದರೆ ಇನ್ನೊಂದು ಕಡೆಯದನ್ನೂ ಬಿಚ್ಚಿ ನೋಡಿಸಿ. ಅಷ್ಟೇ ಭಾರ, ಅಷ್ಟೇ ಸುತ್ತು ಅದೂ ಕಂಡಿದೆ. ಕೆಲಸ ಮುಗಿದ ಮೇಲೆ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ, ಎರಡೂ ಕಡೆಯ ಹಬ್ ಹತ್ತಿರ ಕೈ ತಂದು ಬಿಸಿಯನ್ನು ಹೋಲಿಸಿ. ಮುಟ್ಟಲು ಆತುರ ಬೇಡ, ಬ್ರೇಕ್ ಡಿಸ್ಕ್ ಸುಡುತ್ತದೆ. ಮತ್ತೆ ಐವತ್ತು ನೂರು ಕಿಲೋಮೀಟರ್ ಆದ ಮೇಲೆ ಗಾಲಿಯ ನಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿ.